ಮೂರು ಅರ್ಜಿಗಳ ಫೈಲು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮುಂದೆ ಏನು ಓದಲಿ ಅಂತ ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದ ಆಕೆಗೆ 29 ವರ್ಷ. ಮೆಕ್ಯಾನಿಕಲ್ ಎಂಜಿನಿಯರ್. 6 ವರ್ಷದಿಂದ ಯಂತ್ರಗಳ ಪರೀಕ್ಷಾ ವಿಭಾಗದಲ್ಲಿದ್ದರು. ಬಂದವರೇ ಮೇಜಿನ ಮೇಲೆ ಫೈಲು ಇಟ್ಟರು. ಒಳಗೆ ಮೂರು ಅರ್ಜಿ: ಮಾಸ್ಟರ್ಸ್, ಎಂಬಿಎ, ಪಿಎಚ್‌ಡಿ. "ಯಾವುದಾದ್ರೂ ಒಂದು ಹೇಳಿ ಮೇಡಂ, ಸೇರ್ಕೊಂಡ್ಬಿಡ್ತೀನಿ" ಅಂದರು.

ಮೂರೂ ಬೇರೆ ಬೇರೆ ಊರಿನ ಬಸ್ಸು. ಯಾವುದಾದರೂ ಸರಿ ಅನ್ನುವವರಿಗೆ ಸಾಮಾನ್ಯವಾಗಿ ಇರುವ ಜಾಗ ಬಿಟ್ಟರೆ ಸಾಕಾಗಿರುತ್ತದೆ. ಕೆದಕಿದೆ. ಇವರಿಗಿಂತ ಎರಡು ವರ್ಷ ತಡವಾಗಿ ಸೇರಿದ ಹುಡುಗನಿಗೆ ಬಡ್ತಿ ಸಿಕ್ಕಿತ್ತು. ಅವನು ಮಾಸ್ಟರ್ಸ್ ಮಾಡಿದ್ದ. "ಅದಕ್ಕೇ ಕೊಟ್ಟರು ಅಂತ ಯಾರು ಹೇಳಿದ್ರು?" ಯಾರೂ ಹೇಳಿರಲಿಲ್ಲ.

ಮಾತಿನ ನಡುವೆ ನನ್ನ ಪೆನ್ನು ತೆಗೆದುಕೊಂಡು ಫೈಲಿನ ಹಿಂದೆ ಒಂದು ಗೆರೆ ಎಳೆದರು. ಮಟ್ಟಸವಾಗಿ ಹೋಗಿ, ಥಟ್ಟನೆ ಮೊನೆಯಂತೆ ಎದ್ದು, ಮತ್ತೆ ಇಳಿಯುವ ಗೆರೆ. ಒಂದು ವೇಗಕ್ಕೆ ಬಂದಾಗ ಮಾತ್ರ ಯಂತ್ರ ಯಾಕೆ ಅಷ್ಟು ಅದುರುತ್ತದೆ ಅಂತ ಹತ್ತು ನಿಮಿಷ ವಿವರಿಸಿದರು. ಬಡ್ತಿ ಮರೆತೇ ಹೋಗಿತ್ತು. ನನಗೆ ಅರ್ಧಂಬರ್ಧ ತಿಳಿಯಿತು. ಆದರೆ ಎಂಬಿಎ ಅರ್ಜಿಯನ್ನು ಪಕ್ಕಕ್ಕಿಟ್ಟೆ.

ಎಂಬಿಎ ಇರುವುದು ಜನ, ಬಜೆಟ್ಟು, ಯೋಜನೆ ನೋಡಿಕೊಳ್ಳುವ ಆಸೆಯವರಿಗೆ. ಪಿಎಚ್‌ಡಿ ಅಂದರೆ ನಾಲ್ಕೈದು ವರ್ಷ ಒಂದೇ ಪ್ರಶ್ನೆಯ ಜೊತೆ ಸಂಸಾರ. ಸಂಶೋಧನೆ, ಬೋಧನೆ ಬೇಕಿಲ್ಲದಿದ್ದರೆ ಸುಮ್ನೆ ಯಾಕೆ? ಕಂಪನ ವಿಶ್ಲೇಷಣೆಯಂಥ ಆಳದ ಕೆಲಸಕ್ಕೆ ಮಾಸ್ಟರ್ಸ್ ಕೇಳುವುದು ಜಾಸ್ತಿ. ಸೈಟು, ಉತ್ಪಾದನೆಯ ಕಡೆ ಅನುಭವವೇ ಹೆಚ್ಚು ತೂಗುತ್ತದೆ.

ನಾನು ಹೇಳಿದ್ದಿಷ್ಟು. ಮೊದಲು ಮ್ಯಾನೇಜರ್ ಎದುರು ಕೂತು, ನನ್ನಲ್ಲಿ ಏನು ಕಡಿಮೆಯಾಯಿತು ಅಂತ ಕೇಳಿ. ಬೇಕಾದ ಹುದ್ದೆಯ ಹತ್ತು ಜಾಹೀರಾತು ತೆಗೆದು, ಪದವಿ ಕಡ್ಡಾಯವೋ ಇದ್ದರೆ ಒಳ್ಳೆಯದೋ, ಗುರುತು ಹಾಕಿ. ಫೀಸು ಕಂಪನಿ ಕಟ್ಟುತ್ತದೆ ಅಂದರೆ ಕರಾರು ಪೂರ್ತಿ ಓದಿ; ಇಂತಿಷ್ಟು ವರ್ಷದೊಳಗೆ ಬಿಟ್ಟರೆ ಹಣ ವಾಪಸ್ ಕೊಡಬೇಕು ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಕೆಲಸ ಈಗಲೇ ಬಿಡಬೇಡಿ. ಸಂಜೆ ಹೊತ್ತು ಒಂದೇ ಒಂದು ವಿಷಯ ಓದಿ ನೋಡಿ.

ಮೂರು ವಾರ ಬಿಟ್ಟು ಬಂದರು. ಬಡ್ತಿಗೂ ಡಿಗ್ರಿಗೂ ಸಂಬಂಧವೇ ಇರಲಿಲ್ಲವಂತೆ. ಆ ಹುಡುಗ ತನ್ನ ವರದಿ ತಾನೇ ಬರೆದು, ವಿನ್ಯಾಸ ತಂಡದ ಮುಂದೆ ನಿಂತು ವಿವರಿಸುತ್ತಿದ್ದ. ಇವರ ವರದಿಗಳು ಬೇರೆಯವರ ಹೆಸರಲ್ಲಿ ಹೋಗುತ್ತಿದ್ದವು.

"ಹಾಗಾದ್ರೆ ಓದೋದು ಬೇಡ ಅಲ್ವಾ?" ಅಂತ ಕೆಣಕಿದೆ. ಜಾಹೀರಾತಿನ ಕಟ್ಟು ಮುಂದಿಟ್ಟರು. ಹತ್ತರಲ್ಲಿ ಏಳಕ್ಕೆ ಮಾಸ್ಟರ್ಸ್ ಕಡ್ಡಾಯ. ಕಂಪನದ ಒಂದು ಸಂಜೆ ತರಗತಿಗೆ ಆಗಲೇ ಹೆಸರು ಕೊಟ್ಟು ಬಂದಿದ್ದರು. ಮುಂದಿನ ವರದಿಗೆ ಸಹಿ ಯಾರದು ಅಂತ ಕೇಳಿದೆ. "ನಂದೇ" ಅಂದರು.