ಸಾಕ್ಷ್ಯಚಿತ್ರದ ಕಳ್ಳಪ್ರತಿ: ಪೂರ್ತಿ ಅಳಿಸಲು ಹೊರಡಬೇಡಿ, ಸುಮ್ಮನೆಯೂ ಕೂರಬೇಡಿ

ನೀವು ಕೇಳಿದ್ದು: ಸ್ವಂತ ದುಡ್ಡಿನಲ್ಲಿ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಿರುವ ಸಾಕ್ಷ್ಯಚಿತ್ರ ಟೆಲಿಗ್ರಾಂನಲ್ಲೂ ಫೈಲ್ ಹಂಚುವ ಸೈಟುಗಳಲ್ಲೂ ಬಂದುಬಿಟ್ಟಿದೆ, ಇಂಟರ್ನೆಟ್ಟಿನಿಂದ ಪೂರ್ತಿ ತೆಗೆಸುವುದು ಹೇಗೆ, ಇಲ್ಲವೇ ಪೈರಸಿಯೂ ಪ್ರಚಾರವೇ ಎಂದು ಸುಮ್ಮನಿರಬೇಕೆ?

ಪೂರ್ತಿ ತೆಗೆಸಲು ಆಗುವುದಿಲ್ಲ. ಸುಮ್ಮನಿರುವುದೂ ಸರಿಯಲ್ಲ. ಮೊದಲನೆಯ ದಾರಿಯಲ್ಲಿ ನಾನೇ ಹೋಗಿ ಕೈ ಸುಟ್ಟುಕೊಂಡಿದ್ದೇನೆ, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ನಾನು ಮಾಡಿದ್ದು ಇಷ್ಟು. ಚಿತ್ರದ ಹೆಸರಿನ ಜೊತೆ ‘ಫುಲ್ ಮೂವಿ’, ‘ಡೌನ್‌ಲೋಡ್’ ಸೇರಿಸಿ ಹುಡುಕಿ, ಸಿಕ್ಕ ಲಿಂಕುಗಳನ್ನೆಲ್ಲ ಒಂದು ಶೀಟಿಗೆ ಸುರಿದೆ. ನನ್ನ ಸೈಟಿನದನ್ನು ಅಳಿಸಿ, ಉಳಿದಿದ್ದನ್ನು ಹಾಗೆಹಾಗೇ ‘ಇದು ಕಳ್ಳಪ್ರತಿ, ತೆಗೆಯಿರಿ’ ಎಂದು ತಾಣಗಳಿಗೆ ಕೊಡುವ ನೋಟಿಸಿನ ಫಾರಂಗಳಿಗೆ ಅಂಟಿಸಿದೆ. ತೆರೆದು ನೋಡಲಿಲ್ಲ. ಹೆಸರು ಹೊಂದಿದರೆ ಫೈಲೂ ಹೊಂದುತ್ತದೆ ಎಂದುಕೊಂಡಿದ್ದೇ ತಪ್ಪು. ಸಾಮಾನ್ಯ ಪದಗಳ ಶೀರ್ಷಿಕೆಯಾದರೆ ಬೇರೆ ಯಾರದೋ ಹಾಡು, ಪುಸ್ತಕ, ಹಳೆಯ ಸುದ್ದಿ ಎಲ್ಲವೂ ಅದೇ ಪಟ್ಟಿಯಲ್ಲಿ ಬರುತ್ತವೆ. ವಿಮರ್ಶೆಯ ವಿಡಿಯೋಗಳು ಹುಡುಕಾಟದಲ್ಲಿ ಮೇಲೆ ಬರಲಿ ಎಂದು ತಲೆಬರಹದಲ್ಲಿ ‘ಫುಲ್ ಮೂವಿ’ ಅಂತಲೇ ಹಾಕಿಕೊಂಡಿರುತ್ತವೆ. ಪಟ್ಟಿಯಲ್ಲಿ ಅಂಥದ್ದೊಂದು ವಿಮರ್ಶೆಯೂ ಇತ್ತು: ಚಿತ್ರದ ಚಿಕ್ಕ ತುಣುಕು, ಅದರ ಮೇಲೆ ಮಾತು, ಕೆಳಗೆ ನನ್ನ ಮಾರಾಟದ ಪುಟದ ಲಿಂಕು. ನನ್ನ ನೋಟಿಸಿನಿಂದ ಅದು ಕೆಳಗಿಳಿಯಿತು, ಆ ಚಾನೆಲ್ಲಿಗೆ ಸ್ಟ್ರೈಕ್, ಅಂದರೆ ತಾಣದ ದಂಡನೆಯ ಎಚ್ಚರಿಕೆ, ಬಿತ್ತು.

ತಪ್ಪು ಅಲ್ಲಿಗೇ ನಿಂತಿದ್ದರೆ ಅಷ್ಟು ನಷ್ಟವಾಗುತ್ತಿರಲಿಲ್ಲ. ವಿಮರ್ಶಕರು ‘ತೆಗೆದದ್ದು ತಪ್ಪು’ ಎಂದು ಪ್ರತಿ-ನೋಟಿಸ್ ಕೊಟ್ಟರು. ಆನ್‌ಲೈನ್ ಕಾಪಿರೈಟ್ ಕುರಿತ ಅಮೆರಿಕದ ಡಿಎಂಸಿಎ ಕಾಯ್ದೆ (1998) ಪ್ರಕಾರ ಪ್ರತಿ-ನೋಟಿಸ್ ಬಂದಮೇಲೆ, ದೂರು ಕೊಟ್ಟವರು ಕೋರ್ಟಿಗೆ ಹೋಗಿದ್ದೇವೆ ಎಂದು ತಿಳಿಸದಿದ್ದರೆ, 10ರಿಂದ 14 ಕೆಲಸದ ದಿನಗಳೊಳಗೆ ತಾಣ ಆ ವಿಡಿಯೋವನ್ನು ವಾಪಸ್ ಹಾಕುತ್ತದೆ. ‘ತಾನಾಗಿಯೇ ವಾಪಸ್ ಬರುತ್ತಲ್ಲ’ ಎಂದು ನಾನು ಕೈಕಟ್ಟಿ ಕೂತೆ. ದೂರನ್ನು ಹಿಂಪಡೆಯಲು ಸಲೀಸಾದ ದಾರಿ ಇತ್ತು. ಹಿಂಪಡೆದಿದ್ದರೆ ಸ್ಟ್ರೈಕ್ ಕೂಡಲೇ ಹೋಗುತ್ತಿತ್ತು. ಹೊಸ ಚಿತ್ರದ ಬಗ್ಗೆ ಜನ ಹುಡುಕುವ ಆ ದಿನಗಳಲ್ಲೇ ನನ್ನ ಪುಟಕ್ಕೆ ನೋಡುಗರನ್ನು ಕಳಿಸುತ್ತಿದ್ದ ವಿಮರ್ಶೆ ಕಾಣೆಯಾಗಿತ್ತು. ವಾಪಸ್ ಬಂದಾಗ ಅದರ ಕೆಳಗಿದ್ದ ನನ್ನ ಲಿಂಕು ಇರಲಿಲ್ಲ. ಕಳ್ಳಪ್ರತಿಗಳಿಂದ ಆದ ನಷ್ಟಕ್ಕಿಂತ ಇದೇ ದೊಡ್ಡದು ಅಂತ ಈಗಲೂ ಅನ್ನಿಸುತ್ತದೆ.

ಕಾನೂನಿನ ಅಪಾಯವೂ ಇದೆ. ನೋಟಿಸಿನಲ್ಲಿ ನೀವು ಸಹಿ ಹಾಕುವ ಹೇಳಿಕೆಗಳೆಲ್ಲ ಒಂದೇ ತೂಕದವಲ್ಲ. ಹಕ್ಕುದಾರರ ಪರ ದೂರು ಕೊಡುವ ಅಧಿಕಾರ ನಿಮಗಿದೆ ಎಂಬ ಮಾತು ಪ್ರಮಾಣಕ್ಕೆ ಸಮ. ಸುಳ್ಳಾದರೆ ಸುಳ್ಳು ಸಾಕ್ಷಿಯ ಅಪರಾಧ. ಈ ಬಳಕೆಗೆ ಅನುಮತಿ ಇಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೇನೆ ಎಂಬುದು ಬೇರೆ ಹೇಳಿಕೆ. ಗೊತ್ತಿದ್ದೂ ಸುಳ್ಳು ದೂರು ಕೊಟ್ಟರೆ ಅದೇ ಡಿಎಂಸಿಎಯ 512(ಎಫ್) ಕಲಮಿನಡಿ ಎದುರಿನವರಿಗೆ ಪರಿಹಾರ, ವಕೀಲರ ಖರ್ಚು ತೆರಬೇಕಾಗುತ್ತದೆ. ಮತಯಂತ್ರ ಮಾಡುತ್ತಿದ್ದ ಡೀಬೋಲ್ಡ್ ಕಂಪನಿ ತನ್ನ ಒಳಗಿನ ಮೇಲ್‌ಗಳನ್ನು ವಿದ್ಯಾರ್ಥಿಗಳ ಪುಟದಿಂದ ತೆಗೆಸಲು ಹೋಗಿ, 2004ರಲ್ಲಿ ಸೋತು 1,25,000 ಡಾಲರ್ ಕೊಟ್ಟಿತು. ಮಗು ಕುಣಿಯುವ 29 ಸೆಕೆಂಡಿನ ಮನೆವಿಡಿಯೋ ಕುರಿತ ಲೆಂಜ್ ಪ್ರಕರಣದಲ್ಲಿ 2015ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ನೋಟಿಸ್ ಕಳಿಸುವ ಮೊದಲು ಇದು ನ್ಯಾಯಸಮ್ಮತ ಬಳಕೆಯೇ (ಅನುಮತಿಯಿಲ್ಲದೆಯೂ ಕಾನೂನು ಒಪ್ಪುವ ಬಳಕೆಯೇ) ಎಂದು ಯೋಚಿಸಲೇಬೇಕು ಎಂದಿತು. ತೆರೆದೇ ನೋಡದವನು ಯೋಚಿಸಿದ್ದೇನೆ ಎಂದು ಯಾವ ಬಾಯಲ್ಲಿ ಹೇಳಬೇಕು?

ಈಗ ನಿಮ್ಮ ಕೆಲಸಕ್ಕೆ ಬರೋಣ. ನೋಟಿಸ್ ಬರೆಯುವ ಮುಂಚೆ ಸೋರಿಕೆ ಎಲ್ಲಿಂದ ಎಂದು ನೋಡಿ. ಫೈಲಿನ ಹೆಸರೇ ಸುಳಿವು ಕೊಡುತ್ತದೆ. ‘ವೆಬ್-ಡಿಎಲ್’ ಅಂತಿದ್ದರೆ ಸ್ಟ್ರೀಮನ್ನೇ ನೇರವಾಗಿ ಇಳಿಸಿಕೊಂಡಿದ್ದಾರೆ. ‘ವೆಬ್‌ರಿಪ್’ ಅಂದರೆ ಪರದೆಯಿಂದ ಹಿಡಿದದ್ದು ಅಥವಾ ಮರು ಎನ್‌ಕೋಡ್ ಮಾಡಿದ್ದು. ‘ಸ್ಕ್ರೀನರ್’ ಆದರೆ ನೀವೇ ವಿಮರ್ಶಕರಿಗೋ ಉತ್ಸವಕ್ಕೋ ಕೊಟ್ಟ ಪ್ರತಿ. ಹೆಸರನ್ನಷ್ಟೇ ನಂಬದೆ ಅವಧಿ, ರೆಸಲ್ಯೂಷನ್, ಮೊದಲ ಒಂದು ನಿಮಿಷದ ದೃಶ್ಯಗಳನ್ನು ನಿಮ್ಮ ಪ್ರತಿಗಳ ಜೊತೆ ತಾಳೆ ಹಾಕಿ.

ಸ್ಟ್ರೀಮೇ ಸೋರಿದ್ದರೆ ತಪ್ಪು ನಿಮ್ಮ ಪ್ಲೇಯರಿನಲ್ಲಿರಬಹುದು. ಎಂಪಿ4 ಫೈಲನ್ನು ಬಹಿರಂಗ ವಿಳಾಸದಲ್ಲಿ ಇಟ್ಟಿದ್ದರೆ ಬ್ರೌಸರಿನ ನೆಟ್‌ವರ್ಕ್ ಟ್ಯಾಬ್ ತೆರೆದವರಿಗೆಲ್ಲ ಅದು ಕಾಣುತ್ತದೆ. ಕೆಲವೇ ಗಂಟೆಗಳಲ್ಲಿ ಅವಧಿ ಮುಗಿಯುವ ಸಹಿಯುಳ್ಳ ಲಿಂಕಿಗೆ ಬದಲಾಯಿಸಿ. ‘ಎಇಎಸ್-128 ಎಂಬ ಗೂಢಲಿಪಿ ಹಾಕಿದ್ದೇವೆ, ಭದ್ರ’ ಎನ್ನುವವರನ್ನು ನಂಬಬೇಡಿ. ಅಲ್ಲಿ ಬೀಗದ ಕೈಯೂ ಅದೇ ಪ್ಲೇಯರಿಗೆ ಹೋಗುತ್ತದೆ, ಅದು ಡಿಆರ್‌ಎಂ (ನಕಲು ತಡೆಯುವ ಬೀಗದ ವ್ಯವಸ್ಥೆ) ಅಲ್ಲ. ವೈಡ್‌ವೈನ್‌ನಂಥ ನಿಜವಾದ ಡಿಆರ್‌ಎಂನಲ್ಲೂ ಎಲ್1 ಹಂತ ಯಂತ್ರಾಂಶದ ಬಲದ ಮೇಲೆ ನಿಲ್ಲುತ್ತದೆ, ಎಲ್3 ಬರೀ ಸಾಫ್ಟ್‌ವೇರ್. ಎಲ್3 ಹಲವು ಸಲ ಮುರಿದಿದೆ. ಸಣ್ಣ ನಿರ್ಮಾಪಕರು ಡಿಆರ್‌ಎಂಗೆ ದುಡ್ಡು ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಒಬ್ಬರು ಬಿಚ್ಚಿದರೆ ಸಾಕು, ಕಳ್ಳಪ್ರತಿ ನೋಡುವವರಿಗೆ ಅದರ ಕಾಟ ತಟ್ಟುವುದಿಲ್ಲ. ಹಳೆಯ ಟಿವಿಯಲ್ಲಿ ಚಿತ್ರ ಓಡದೆ ಒದ್ದಾಡುವವರು ದುಡ್ಡು ಕೊಟ್ಟವರೇ.

ಆಮೇಲೆ ದಾಖಲೆ. ಪ್ರತಿ ಲಿಂಕಿಗೂ ಶೀಟಿನಲ್ಲಿ ಒಂದು ಸಾಲು: ಫೈಲ್ ಇರುವ ಪುಟದ ಪೂರ್ತಿ ವಿಳಾಸ, ನೋಡಿದ ದಿನ ಮತ್ತು ಸಮಯ, ಫೈಲ್ ಗಾತ್ರ, ಅವಧಿ, ಸ್ಕ್ರೀನ್‌ಶಾಟಿನ ಹೆಸರು, ‘ತೆರೆದು ನೋಡಿದೆ: ಪೂರ್ತಿ ಚಿತ್ರ / ತುಣುಕು / ವಿಮರ್ಶೆ / ಬೇರೆ’ ಎಂಬ ಕಾಲಂ. ಈ ಕೊನೆಯ ಕಾಲಂ ಖಾಲಿಯಿರುವ ಸಾಲು ನೋಟಿಸಿಗೆ ಹೋಗಬಾರದು, ಅಷ್ಟೇ.

ಕಳಿಸುವ ಅನುಕ್ರಮ ತುಂಬ ಮುಖ್ಯ. ಲಿಂಕುಗಳನ್ನು ಪೋಣಿಸಿಡುವ ಸೈಟುಗಳಲ್ಲಿ ಫೈಲೇ ಇರುವುದಿಲ್ಲ. ಹತ್ತಾರು ಪುಟಗಳು ಫೈಲನ್ನು ನಿಜವಾಗಿ ಇಟ್ಟುಕೊಂಡ ಒಂದೇ ತಾಣದತ್ತ, ಅಂದರೆ ಫೈಲ್ ಹೋಸ್ಟಿನತ್ತ, ಬೆರಳು ತೋರಿಸುತ್ತಿರುತ್ತವೆ. ಆ ಹೋಸ್ಟಿನಲ್ಲಿ ಫೈಲ್ ಹೋದರೆ ಅಷ್ಟೂ ಪುಟಗಳು ಸತ್ತ ಲಿಂಕುಗಳಾಗುತ್ತವೆ. ಆದ್ದರಿಂದ ಮೊದಲು ಫೈಲ್ ಹೋಸ್ಟ್, ನಂತರ ಟೆಲಿಗ್ರಾಂ, ಆಮೇಲೆ ಸರ್ಚ್. ಲಿಂಕು ಪೋಣಿಸುವ ಸೈಟುಗಳು ಎಲ್ಲಕ್ಕಿಂತ ಕೊನೆಗೆ. ಟೆಲಿಗ್ರಾಂಗೆ ಚಾನೆಲ್ಲಿನ ಹೆಸರು ಕೊಟ್ಟರೆ ಸಾಲದು. ಪೋಸ್ಟ್ ಸಂಖ್ಯೆ ಕೊನೆಯಲ್ಲಿರುವ ಲಿಂಕೇ ಬೇಕು. ಗೂಗಲ್ ಸರ್ಚಿನ ದೂರಿನ ಫಾರಂಗೂ ಹಾಗೇ: ಸೈಟಿನ ಮುಖಪುಟವನ್ನಲ್ಲ, ಆ ಒಂದು ಪುಟದ ವಿಳಾಸವನ್ನೇ ಕೊಡಿ. ಸರ್ಚಿನಿಂದ ತೆಗೆದಮೇಲೂ ಪುಟ ಇದ್ದಲ್ಲೇ ಇರುತ್ತದೆ, ಹುಡುಕಿದವರಿಗೆ ಸಿಗುವುದಿಲ್ಲ ಅಷ್ಟೇ. ಆದರೆ ಒಪ್ಪಿಗೆಯಾದ ದೂರುಗಳು ಹೆಚ್ಚಾದ ಸೈಟನ್ನು ಹುಡುಕಾಟದಲ್ಲಿ ಕೆಳಗೆ ತಳ್ಳುವುದಾಗಿ ಗೂಗಲ್ 2012ರಲ್ಲೇ ಹೇಳಿದೆ, ಹಾಗಾಗಿ ಸರಿಯಾದ ಪ್ರತಿ ದೂರಿಗೂ ಬೆಲೆಯಿದೆ.

ನೋಟಿಸಿನಲ್ಲಿ ಇರಬೇಕಾದ್ದು ಆರು: ಸಹಿ, ಕೃತಿಯ ಗುರುತು, ಕಳ್ಳಪ್ರತಿಯ ನಿಖರ ವಿಳಾಸ, ನಿಮ್ಮ ಸಂಪರ್ಕ, ಮೇಲೆ ಹೇಳಿದ ನಂಬಿಕೆಯ ಮಾತು, ಮಾಹಿತಿ ನಿಜ ಮತ್ತು ಅಧಿಕಾರ ಇದೆ ಎಂಬ ಮಾತು. ಒಂದು ಬಿಟ್ಟುಹೋದರೂ ತಾಣ ಅದನ್ನು ಬದಿಗಿಡಬಹುದು. ಯಾರಿಗೆ ಕಳಿಸಬೇಕೆಂದು ತಿಳಿಯಲು ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿರುವ, ತಾಣಗಳ ಪರ ದೂರು ಪಡೆಯುವ ನಿಯೋಜಿತ ಏಜೆಂಟರ ಪಟ್ಟಿ ನೋಡಿ. ತಾಣಗಳು ಮೂರು ವರ್ಷಕ್ಕೊಮ್ಮೆ ಅಲ್ಲಿ ನೋಂದಣಿ ನವೀಕರಿಸಬೇಕು.

ಐಪಿ ವಿಳಾಸ ಹುಡುಕಿದಾಗ ಕ್ಲೌಡ್‌ಫ್ಲೇರ್ ಎಂದು ಬಂದರೆ, ಬಹುತೇಕ ಅಲ್ಲಿ ಫೈಲ್ ಇರುವುದಿಲ್ಲ. ಅದು ನಡುವೆ ನಿಂತು ದಾಟಿಸುವ ಸೇವೆ. ನಿಮ್ಮ ದೂರನ್ನು ಹಿಂದಿರುವ ಹೋಸ್ಟಿಗೆ ರವಾನಿಸುತ್ತದೆ. ನಿಮ್ಮ ಹೆಸರು, ಸಂಪರ್ಕದ ಸಮೇತ ಅದು ಸೈಟಿನವರ ಕೈಗೂ ಸೇರಬಹುದು. ಅದಕ್ಕೇ ಮನೆಯ ವಿಳಾಸ, ಸ್ವಂತ ಫೋನ್ ಹಾಕಬೇಡಿ. ಈ ಕೆಲಸಕ್ಕೆಂದೇ ಒಂದು ಮೇಲ್, ವ್ಯವಹಾರದ ಅಂಚೆ ವಿಳಾಸ ಇಟ್ಟುಕೊಳ್ಳಿ. ಗೂಗಲ್‌ಗೆ ಹೋದ ದೂರುಗಳ ಪ್ರತಿ ಲ್ಯೂಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೂ ಸೇರುತ್ತದೆ. ಅಂದರೆ ನಿಮ್ಮ ಅಜಾಗರೂಕ ದೂರು ವರ್ಷಗಟ್ಟಲೆ ನಿಮ್ಮ ಹೆಸರಿನಲ್ಲೇ ಕೂತಿರುತ್ತದೆ.

ಟೊರೆಂಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಟೊರೆಂಟಿನ ಮ್ಯಾಗ್ನೆಟ್ ಲಿಂಕಿನಲ್ಲಿರುವುದು ಮುಖ್ಯವಾಗಿ ಫೈಲನ್ನು ಗುರುತಿಸುವ ಹ್ಯಾಶ್ ಎಂಬ ಸಂಕೇತ, ಫೈಲು ಹಂಚುವವರ ಯಂತ್ರಗಳಲ್ಲಿರುತ್ತದೆ. ತೆಗೆಸಲು ಒಂದು ಜಾಗ ಅಂತ ಇಲ್ಲ. ಸರ್ಚಿನಿಂದ ಪುಟ ತೆಗೆಸಿ ಬಿಟ್ಟುಬಿಡಿ. ಸಣ್ಣ ಚಿತ್ರಗಳಿಗೆ ಸೀಡ್ ಮಾಡುವವರು, ಅಂದರೆ ತಮ್ಮ ಯಂತ್ರದಿಂದ ಹಂಚುವವರು, ತಾವಾಗಿಯೇ ಕರಗುತ್ತಾರೆ.

ಭಾರತದ ನಿಯಮವನ್ನು ಬಳಸುವುದಾದರೆ ಒಂದು ವಿಷಯ ಗಮನದಲ್ಲಿರಲಿ. 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದಡಿ ಲಿಖಿತ ದೂರು ಕೊಟ್ಟರೆ, ಮಧ್ಯವರ್ತಿ ತಾಣಕ್ಕೆ ದೂರು ಸರಿ ಎನಿಸಿದಲ್ಲಿ 36 ಗಂಟೆಯೊಳಗೆ ಆ ಪ್ರತಿಯನ್ನು ತಡೆಯಬೇಕು. ಆದರೆ ಆ ತಡೆ 21 ದಿನಕ್ಕೆ ಮಾತ್ರ. ಅಷ್ಟರಲ್ಲಿ ಕೋರ್ಟಿನ ಆದೇಶ ತರುತ್ತೇನೆ ಎಂದು ದೂರಿನಲ್ಲೇ ಮುಚ್ಚಳಿಕೆ ಬರೆದುಕೊಡಬೇಕು. ತರದಿದ್ದರೆ ತಾಣ ಅದನ್ನು ಮತ್ತೆ ತೆರೆಯಬಹುದು. ಮಾದರಿ ನೋಟಿಸನ್ನು ಎಲ್ಲಿಂದಲೋ ನಕಲು ಮಾಡಿ ಕಳಿಸುವವರು ಈ ಮುಚ್ಚಳಿಕೆಯನ್ನು ಓದಿಯೇ ಇರುವುದಿಲ್ಲ. ಅಪ್‌ಲೋಡ್ ಮಾಡಿದವರು ಯಾರೆಂದು ತಿಳಿಯಲೇಬೇಕಿದ್ದರೂ ಕೋರ್ಟೇ ಗತಿ. 2022ರಲ್ಲಿ ಪಾಠದ ಸಾಮಗ್ರಿ ಹಂಚುತ್ತಿದ್ದ ಚಾನೆಲ್ಲುಗಳ ವಿವರ ಕೊಡುವಂತೆ ದೆಹಲಿ ಹೈಕೋರ್ಟ್ ಟೆಲಿಗ್ರಾಂಗೆ ಆದೇಶಿಸಿದ ಉದಾಹರಣೆ ಇದೆ.

‘ಪೈರಸಿಯೂ ಪ್ರಚಾರವೇ’ ಎಂಬ ಮಾತಿಗೆ ಬರುತ್ತೇನೆ. ಐರೋಪ್ಯ ಆಯೋಗ ಮಾಡಿಸಿ, 2015ರಲ್ಲಿ ಮುಗಿದು 2017ರಲ್ಲಷ್ಟೇ ಹೊರಬಿದ್ದ ಅಧ್ಯಯನವೊಂದನ್ನು ಎರಡೂ ಕಡೆಯವರು ತಮಗೆ ಬೇಕಾದಂತೆ ಎತ್ತಿಕೊಳ್ಳುತ್ತಾರೆ. ಸಂಗೀತ, ಪುಸ್ತಕ, ಆಟಗಳಲ್ಲಿ ಪೈರಸಿಯಿಂದ ಮಾರಾಟ ಕುಸಿಯಿತು ಎನ್ನಲು ಅದಕ್ಕೆ ಗಟ್ಟಿ ಅಂಕಿ-ಅಂಶದ ಆಧಾರ ಸಿಗಲಿಲ್ಲ. ಆದರೆ ಹೊಸದಾಗಿ ಬಿಡುಗಡೆಯಾದ ದೊಡ್ಡ ಚಿತ್ರಗಳಲ್ಲಿ ಹತ್ತು ಕಳ್ಳ ವೀಕ್ಷಣೆಗೆ ನಾಲ್ಕು ಸಕ್ರಮ ವೀಕ್ಷಣೆ ತಪ್ಪುತ್ತದೆ ಎಂದಿತು. ಪ್ರತಿ ಡೌನ್‌ಲೋಡೂ ಒಂದು ಟಿಕೆಟ್ಟಿನ ನಷ್ಟ ಎನ್ನುವವರಿಗೂ, ನಷ್ಟವೇ ಇಲ್ಲ ಎನ್ನುವವರಿಗೂ ಇದರಲ್ಲಿ ಸಮಾಧಾನವಿಲ್ಲ. ನಾನು ತೆಗೆದುಕೊಂಡದ್ದು ಹೊಸತು ಎಂಬ ಅಂಶವನ್ನು. ಬಿಡುಗಡೆಯ ಮೊದಲ ವಾರಗಳಲ್ಲಿ ನೋಟಿಸಿಗೆ ಸಮಯ ಕೊಡಿ, ಆಮೇಲೆ ಕಡಿಮೆ ಮಾಡಿ.

ನೋಡುಗರ ಮೇಲೆ ಕೇಸು ಹಾಕುವ ಯೋಚನೆಯಿದ್ದರೆ ಕೈಬಿಡಿ. ಅಮೆರಿಕದ ಸಂಗೀತ ಕಂಪನಿಗಳ ಸಂಘ 2003ರಿಂದ 2008ರವರೆಗೆ ಸಾವಿರಾರು ಜನರ ಮೇಲೆ ದಾವೆ ಹೂಡಿತು. 24 ಹಾಡು ಹಂಚಿದ ಒಬ್ಬ ಮಹಿಳೆಗೆ ಕೊನೆಗೆ ಉಳಿದದ್ದು 2,22,000 ಡಾಲರಿನ ತೀರ್ಪು. ಹಾಡು ಹಂಚುವುದು ನಿಲ್ಲಲಿಲ್ಲ. ಸಂಘವೇ ಸಾಮೂಹಿಕ ದಾವೆಗಳನ್ನು ನಿಲ್ಲಿಸಿತು.

ಕಳ್ಳಪ್ರತಿಯ ಕೆಳಗಿನ ಕಾಮೆಂಟುಗಳನ್ನು ಮಾತ್ರ ತಪ್ಪದೆ ಓದಿ. ‘ನಮ್ಮ ದೇಶದಲ್ಲಿ ಸಿಗುತ್ತಿಲ್ಲ’, ‘ಸಬ್‌ಟೈಟಲ್ ಇದೆಯಾ’, ‘ಆಫ್‌ಲೈನ್ ನೋಡಬಹುದಾ’ ಎಂಬವು ಅಲ್ಲಿದ್ದರೆ ಅವೆಲ್ಲ ನಿಮ್ಮ ಮಾರಾಟದ ಪುಟದ ದೋಷಗಳು. ದೇಶಗಳ ಬೀಗ ತೆಗೆಯಿರಿ, ಸಬ್‌ಟೈಟಲ್ ಸೇರಿಸಿ, ಬಾಡಿಗೆಯ ಜೊತೆ ಖರೀದಿಯ ಆಯ್ಕೆ ಕೊಡಿ. ಚಿತ್ರದ ಹೆಸರನ್ನು ಬರೀ ಪೋಸ್ಟರಿನ ಚಿತ್ರದಲ್ಲಿ ಬಿಡದೆ ಪುಟದ ತಲೆಬರಹದಲ್ಲಿ ಅಕ್ಷರವಾಗಿ ಹಾಕಿ. ಎಷ್ಟೋ ಸಲ ಕಳ್ಳಪುಟ ಮೇಲೆ ಬರಲು ಕಾರಣ ಇಷ್ಟೇ ಇರುತ್ತದೆ.

ಮುಂದಿನ ಚಿತ್ರದ ವಿಮರ್ಶಕರ ಪ್ರತಿಗಳನ್ನು ಒಬ್ಬೊಬ್ಬರಿಗೆ ಒಂದೊಂದಾಗಿ ಮಾಡಿ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ತಂತ್ರಾಂಶದ ಡ್ರಾಟೆಕ್ಸ್ಟ್ ಫಿಲ್ಟರಿನಿಂದ ಪ್ರತಿ ಸಂಖ್ಯೆಯನ್ನು ಮಸುಕಾಗಿ, ಬೇರೆ ಬೇರೆ ಮೂಲೆಗಳಲ್ಲಿ, ಬೇರೆ ಬೇರೆ ನಿಮಿಷಗಳಲ್ಲಿ ಬರೆಸಿ. ಒಂದೇ ಮೂಲೆಯಲ್ಲಿಟ್ಟರೆ ಕತ್ತರಿಸಿ ಎಸೆಯುತ್ತಾರೆ. ಯಾವ ಸಂಖ್ಯೆ ಯಾರಿಗೆ ಹೋಯಿತು ಎಂಬ ಪಟ್ಟಿ ನಿಮ್ಮಲ್ಲಿರಲಿ. ಸಂಖ್ಯೆ ಸಿಕ್ಕಿತೆಂದು ಅವರನ್ನು ಬಹಿರಂಗವಾಗಿ ಕಳ್ಳರೆನ್ನಬೇಡಿ: ಅವರ ಮೇಲ್‌ಗೆ ಕನ್ನ ಬಿದ್ದಿರಬಹುದು, ಸಹೋದ್ಯೋಗಿಗೆ ಕಳಿಸಿದ್ದು ಅಲ್ಲಿಂದ ಹೋಗಿರಬಹುದು. ಒಂದು ಖಾಸಗಿ ಮೇಲ್ ಹಾಕಿ ಕೇಳಿ, ಮುಂದಿನ ಸಲ ಅವರಿಗೆ ಫೈಲಿನ ಬದಲು ಅವಧಿಯುಳ್ಳ ಸ್ಟ್ರೀಮ್ ಲಿಂಕ್ ಕೊಡಿ.