ಬೂಗಿ ಕಿಂಗ್ಸ್: ಸೋಲ್ ಹಾಡಿದ ಕೇಜನ್ ನಾಡಿನ ಹುಡುಗರು

ಅಮೆರಿಕದ ಬೂಗಿ ಕಿಂಗ್ಸ್ ಎಷ್ಟು ಹಳೇ ಸಂಗೀತ ತಂಡ, ಅವರದು ಕೇಜನ್ ಸಂಗೀತವೋ (ಲೂಸಿಯಾನಾದ ಫ್ರೆಂಚ್ ಮೂಲದವರ ಜನಪದ ಸಂಗೀತ) ಇಲ್ಲಾ ‘ಸೋಲ್’ ಸಂಗೀತವೋ (ಕರಿಯರ ಭಾವತುಂಬಿದ ಹಾಡುಗಾರಿಕೆ) ಅಂತ ಕೇಳಿದ್ದೀರಿ. ಶುರುವಾಗಿದ್ದು 1955ರಲ್ಲಿ, ಲೂಸಿಯಾನಾ ರಾಜ್ಯದ ಯೂನಿಸ್ ಊರಲ್ಲಿ. ಅಕಾರ್ಡಿಯನ್, ಪಿಟೀಲು ಕೇಳಿ ಬೆಳೆದ ನಾಡು ಅದು. ಆದರೆ ಈ ಬಿಳಿ ಹುಡುಗರಿಗೆ ಕರಿಯರ ರಿದಮ್ ಅಂಡ್ ಬ್ಲೂಸ್ (ಸೋಲ್‌ಗೆ ಮೂಲವಾದ ಸಂಗೀತ) ಹುಚ್ಚು ಹಿಡಿಸಿತು. ಕೇಜನ್, ರಿದಮ್ ಅಂಡ್ ಬ್ಲೂಸ್ ಎರಡೂ ಬೆರೆತಿದ್ದೇ ಸ್ವಾಂಪ್ ಪಾಪ್ ಎಂಬ ಅವರ ಶೈಲಿ.

ಪಿಯಾನೋಗೆ ಕಿವಿ ಕೊಡಿ. ಒಂದೊಂದು ಏಟನ್ನೂ ಮೂರಾಗಿ ಒಡೆದು, ನಮ್ಮ 'ತಕಿಟ ತಕಿಟ' ಥರ ನುಡಿಸುತ್ತಾರೆ. ಅದರ ಮೇಲೆ ಸ್ಯಾಕ್ಸೋಫೋನ್, ಟ್ರಂಪೆಟ್ ಒಟ್ಟಿಗೆ ಏರುತ್ತವೆ. ಮೈ ಜುಮ್ಮೆನ್ನುತ್ತದೆ!

ಅರವತ್ತರ ದಶಕದಲ್ಲಿ ಜೆರ‍್ರಿ ಲಾಕ್ರ್ವಾ, ಜಿ.ಜಿ. ಶಿನ್ ಜೊತೆಯಾಗಿ ಹಾಡಿದ್ದೇ ನನಗೆ ಎಲ್ಲಕ್ಕಿಂತ ಇಷ್ಟ. ಆಮೇಲೆ ಹಾಡುಗಾರರು ಬದಲಾಗುತ್ತಲೇ ಇದ್ದರು. ಟ್ರಂಪೆಟ್ ನುಡಿಸುವ ನೆಡ್ ಟೀಲ್ ತಂಡವನ್ನು ದಶಕಗಳ ಕಾಲ ನಡೆಸಿದರು. ಮೊದಲು ಅರವತ್ತರ ದಶಕದ ರೆಕಾರ್ಡುಗಳನ್ನೇ ಕೇಳಿ.