ಮಂಡ್ಯದಲ್ಲಿ ಆಲೆಮನೆ ನಡೆಸುವವರಿಗೆ ಮ್ಯಾನೇಜ್‌ಮೆಂಟ್ ಕೋರ್ಸಿನಿಂದ ಉಪಯೋಗ ಇದೆಯಾ?

ಖಂಡಿತ ಇದೆ. ಆದರೆ ಸುಮ್ನೆ ಸರ್ಟಿಫಿಕೇಟಿಗೆ ಅಂತ ಸೇರಬೇಡಿ. ಮೊದಲು ತೊಡಕು ಎಲ್ಲಿದೆ ನೋಡಿ. ಕಬ್ಬು ತಂದವರಿಗೆ ವಾರದೊಳಗೆ ದುಡ್ಡು ಕೊಡಬೇಕು. ಬೆಲ್ಲ ಕೊಂಡ ಅಂಗಡಿಯವರು ಎರಡು ತಿಂಗಳು ಬಿಟ್ಟು ಕೊಡುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಲಾಭ ಇರುತ್ತದೆ, ಗಲ್ಲಾ ಖಾಲಿ. ಆ ನಡುವಿನ ದಿನಗಳನ್ನು ದಾಟಿಸುವ ದುಡ್ಡೇ ವರ್ಕಿಂಗ್ ಕ್ಯಾಪಿಟಲ್. ಇದನ್ನು ಮೊದಲೇ ಲೆಕ್ಕ ಹಾಕಲು ಬಂದರೆ ಕೈಸಾಲಕ್ಕೆ ಓಡಾಡುವುದು ಎಷ್ಟೋ ಕಡಿಮೆಯಾಗುತ್ತದೆ. ನನ್ನ ಪ್ರಕಾರ ನೀವು ಕಲಿಯಬೇಕಾದ ಮೊದಲ ಪಾಠ ಇದೇ.

ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ತಾಣವಾದ ಸ್ವಯಂ ಪೋರ್ಟಲ್‌ನಲ್ಲಿ ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸಂಸ್ಥೆ ಐಐಎಂನ ಪಾಠಗಳನ್ನು ಪುಕ್ಕಟೆ ನೋಡಬಹುದು, ಪರೀಕ್ಷೆಗೆ ಮಾತ್ರ ಫೀಸು. ದುಬಾರಿ ಕೋರ್ಸ್ ಆಮೇಲೆ ಯೋಚಿಸಿ. ಗುಣಮಟ್ಟ, ಪ್ಯಾಕಿಂಗ್ ಕಲಿಯುವುದಾದರೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಪಕ್ಕದಲ್ಲೇ ಇದೆ ಅಲ್ವಾ? ಅವರು ಚಿಕ್ಕ ಅವಧಿಯ ತರಬೇತಿಗಳನ್ನು ಕೊಡುತ್ತಾರೆ. ಲೆಕ್ಕ ಬರೆಯುವ ಮಗನನ್ನೋ ಮಗಳನ್ನೋ ಜೊತೆಗೆ ಕೂರಿಸಿಕೊಂಡು ಕಲಿಯಿರಿ.